ಚಮಚದ ಹಿಡಿಕೆಗೆ ಎಂಜಿನಿಯರಿಂಗ್ ಪದವಿ ಬೇಕೆ?

(ಬೆಂಗಳೂರಿನಲ್ಲಿ ವಿನ್ಯಾಸ ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ನಮಸ್ಕಾರ.

ಪರಿಚಯ ಮಾಡಿಕೊಟ್ಟವರು ನನ್ನನ್ನು ವಿನ್ಯಾಸ ಹಕ್ಕುಗಳ ತಜ್ಞೆ ಎಂದರು. ಆ ಮಾತನ್ನು ಮೊದಲು ಒಂದೆರಡು ಮೆಟ್ಟಿಲು ಕೆಳಗಿಳಿಸುತ್ತೇನೆ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಚಿತ್ರ ಬರೆಯಲು ನನಗೆ ಬರುವುದಿಲ್ಲ. ಶಾಲೆಯಲ್ಲಿ ನಾನು ಬರೆದ ನವಿಲನ್ನು ನೋಡಿ ಡ್ರಾಯಿಂಗ್ ಮೇಷ್ಟ್ರು "ಕೋಳಿ ಚೆನ್ನಾಗಿದೆ" ಎಂದು ಹತ್ತಕ್ಕೆ ಆರು ಅಂಕ ಕೊಟ್ಟಿದ್ದರು. ಹೀಗಿದ್ದೂ ಒಂದು ತಿರುಗಣಿ ಕುರ್ಚಿಯ ಬೆನ್ನಿನ ಬಾಗು ಹೊಸದೋ ಹಳೆಯದೋ ಎಂದು ಸರಕಾರದ ಮುಂದೆ ನಿಂತು ವಾದಿಸುವ ಅಧಿಕಾರವನ್ನು ಕಾನೂನು ನನಗೆ ಕೊಟ್ಟಿದೆ. ಅದೇ ಅಧಿಕಾರ ನಿಮ್ಮಲ್ಲಿ ಮುಂದಿನ ಸಾಲಿನಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕುಳಿತಿರುವವರಿಗೆ ಇಲ್ಲ. ಇವತ್ತಿನ ಮಾತೆಲ್ಲ ಈ ವಿಚಿತ್ರದ ಸುತ್ತಲೇ.

ಒಂದು ಹಳೆಯ ತಪ್ಪಿನಿಂದ ಆರಂಭಿಸುತ್ತೇನೆ. ತಪ್ಪು ನನ್ನದೇ. ಆಗ ಇದೇ ಊರಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ಅಮೆರಿಕದ ವಕೀಲರಿಗೆ ಪೇಟೆಂಟ್ ಅರ್ಜಿಗಳ ಕರಡು ಮತ್ತು ಚಿತ್ರಗಳನ್ನು ಸಿದ್ಧಪಡಿಸಿ ಕಳುಹಿಸುವುದು ನಮ್ಮ ಕಸುಬು. ಸಹಿ ಅವರದು, ಬೆವರು ನಮ್ಮದು. ಒಂದು ದಿನ ಡಬ್ಬಿಯ ಮುಚ್ಚಳದ ಡಿಸೈನ್ ಪೇಟೆಂಟ್ ಕೆಲಸ ಬಂತು. ಮುಚ್ಚಳದ ನೆತ್ತಿಯಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು, ಅಷ್ಟೇ ಅದರ ಸೊಗಸು. ಮುಂದಿನಿಂದ, ಹಿಂದಿನಿಂದ, ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ, ಜೊತೆಗೆ ಓರೆಯಾಗಿ ಒಂದು, ಹೀಗೆ ಏಳು ನೋಟಗಳನ್ನು ಬರೆಸಿದೆ. ಅಳತೆ ಎಲ್ಲವೂ ಸರಿ. ಕಳುಹಿಸುವ ಮುನ್ನ, ಬೇರೆ ಯಾವುದೋ ಕೆಲಸಕ್ಕೆ ನನ್ನ ಮೇಜಿನ ಬಳಿ ಬಂದ ಸಹೋದ್ಯೋಗಿಯೊಬ್ಬರು ಹಾಳೆಯನ್ನು ನೋಡಿ ನಿಂತರು. ಅವರು ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದವರು, ನಮ್ಮಲ್ಲಿ ರೇಖಾಚಿತ್ರ ತಿದ್ದುತ್ತಿದ್ದರು.

"ಮೇಡಂ, ಇದು ಉಬ್ಬೋ ತಗ್ಗೋ?" ಎಂದರು.

"ತಗ್ಗು."

"ಹಾಗಾದರೆ ನೆರಳು ತಿರುಗುಮುರುಗಾಗಿದೆ. ಬೆಳಕು ಎಡದ ಮೇಲಿನಿಂದ ಬರುತ್ತಿದೆ. ತಗ್ಗಿನ ಎಡ ಅಂಚು ಕಪ್ಪಾಗಬೇಕು, ನೀವು ಬಲ ಅಂಚನ್ನು ಕಪ್ಪು ಮಾಡಿಸಿದ್ದೀರಿ. ನೋಡಿದವರಿಗೆ ಇದು ಬೋಂಡಾ ಕೂರಿಸಿದ ಹಾಗೆ ಕಾಣುತ್ತದೆ."

ಸುತ್ತಲಿನ ಅಂಚು ತಗ್ಗನ್ನು ಮರೆಮಾಡುವುದರಿಂದ ಮುಂದಿನ ನೋಟದಲ್ಲಾಗಲಿ ಪಕ್ಕದ ನೋಟದಲ್ಲಾಗಲಿ ಅದು ಕಾಣುವುದೇ ಇಲ್ಲ. ತಗ್ಗು ಎಂದು ಹೇಳುವ ಸಾಕ್ಷಿ ಆ ನೆರಳೊಂದೇ. ಹಾಗೆಯೇ ಹೋಗಿದ್ದರೆ ಏನಾಗುತ್ತಿತ್ತು? ಅರ್ಜಿ ಪರಿಶೀಲಿಸುವ ಪೇಟೆಂಟ್ ಕಚೇರಿಯ ಪರೀಕ್ಷಕರು ಚಿತ್ರ ಅಸ್ಪಷ್ಟ ಎಂದು ಆಕ್ಷೇಪ ಎತ್ತುತ್ತಿದ್ದರು. ತಿದ್ದಿ ಕೊಡುತ್ತೇವೆ ಎಂದರೆ, ಉಬ್ಬನ್ನು ತಗ್ಗು ಮಾಡುವುದು ಮೂಲ ಅರ್ಜಿಯಲ್ಲಿ ಇಲ್ಲದ ಹೊಸ ಸಂಗತಿ ಎಂದು ಅದನ್ನೂ ತಳ್ಳಿಹಾಕಲು ಅವಕಾಶವಿತ್ತು. ಅಥವಾ ಯಾರ ಕಣ್ಣಿಗೂ ಬೀಳದೆ ಪೇಟೆಂಟ್ ಸಿಕ್ಕಿ, ಕಕ್ಷಿದಾರರು ಎಂದೂ ತಯಾರಿಸದ ಬೋಂಡಾ ಮುಚ್ಚಳಕ್ಕೆ ಹಕ್ಕು ಬಂದು ಕೂರುತ್ತಿತ್ತು. ನಾಲ್ಕು ವರ್ಷ ಸರ್ಕ್ಯೂಟ್ ಓದಿದ ನನಗೆ ಕಾಣದ್ದು ಅವರಿಗೆ ನಿಂತ ನಿಲುವಿನಲ್ಲಿ ಕಂಡಿತು. ಆದರೆ ಪರೀಕ್ಷೆ ಬರೆದು ಪೇಟೆಂಟ್ ಏಜೆಂಟ್, ಅಂದರೆ ಬೇರೆಯವರ ಪರವಾಗಿ ಪೇಟೆಂಟ್ ಕಚೇರಿಯ ಮುಂದೆ ನಿಲ್ಲುವವರು, ಆಗುವ ಅರ್ಹತೆ ಇದ್ದದ್ದು ನನಗೆ. ಅವರಿಗೆ ಆ ಪರೀಕ್ಷೆಗೆ ಅರ್ಜಿ ಹಾಕುವ ಅವಕಾಶವೂ ಇರಲಿಲ್ಲ, ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ.

ಅಲ್ಲಿ, ಅಂದರೆ ಅಮೆರಿಕದಲ್ಲಿ, ಈಗ ಇದೆ. ಆ ಕಥೆಗೆ ಬರುವ ಮೊದಲು ಡಿಸೈನ್ ಪೇಟೆಂಟ್ ಎಂದರೇನು ಎಂದು ಕಾನೂನು ಓದದವರಿಗಾಗಿ ಎರಡು ಮಾತು.

ಸಾಮಾನ್ಯ ಪೇಟೆಂಟ್ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸಿಗುವ ಹಕ್ಕು. ಅಮೆರಿಕದಲ್ಲಿ ಅದನ್ನು ಯುಟಿಲಿಟಿ ಪೇಟೆಂಟ್ ಎನ್ನುತ್ತಾರೆ. ಡಿಸೈನ್ ಪೇಟೆಂಟ್ ವಸ್ತು ಹೇಗೆ ಕಾಣುತ್ತದೆ ಎಂಬುದಕ್ಕೆ. ಮೊದಲನೆಯದರಲ್ಲಿ ಪುಟಗಟ್ಟಲೆ ವಿವರಣೆ, ಇಪ್ಪತ್ತು ಮೂವತ್ತು ಕ್ಲೇಮುಗಳು, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತಿದ್ದೇವೆ ಎಂದು ಹೇಳುವ ವಾಕ್ಯಗಳು. ಎರಡನೆಯದರಲ್ಲಿ ಕ್ಲೇಮ್ ಒಂದೇ ವಾಕ್ಯ: ಚಿತ್ರದಲ್ಲಿ ತೋರಿಸಿದಂತೆ ಇಂಥ ವಸ್ತುವಿನ ಅಲಂಕಾರಿಕ ವಿನ್ಯಾಸ. ಮಿಕ್ಕಿದ್ದನ್ನೆಲ್ಲ ಚಿತ್ರವೇ ಹೇಳಬೇಕು. ಅಖಂಡ ಗೆರೆಯಲ್ಲಿ ಬರೆದದ್ದು ನಿಮ್ಮ ಹಕ್ಕಿನ ಭಾಗ. ತುಂಡು ಗೆರೆಯಲ್ಲಿ ಬರೆದದ್ದು ಸುಮ್ಮನೆ ಸಂದರ್ಭ ತಿಳಿಯಲಿ ಎಂದು, ಅದರ ಮೇಲೆ ಹಕ್ಕಿಲ್ಲ. ಎಲ್ಲವನ್ನೂ ಅಖಂಡ ಗೆರೆಯಲ್ಲಿ ಬರೆದರೆ ಎದುರಾಳಿ ಒಂದು ಗುಂಡಿಯನ್ನು ಆಚೀಚೆ ಮಾಡಿ ಪಾರಾಗುತ್ತಾನೆ. ಬಹಳಷ್ಟನ್ನು ತುಂಡು ಮಾಡಿದರೆ ಉಳಿದದ್ದು ತೀರಾ ವಿಶಾಲವಾಗಿ ಯಾವುದೋ ಹಳೆಯ ವಸ್ತುವಿಗೆ ಡಿಕ್ಕಿ ಹೊಡೆಯುತ್ತದೆ. ಈ ವೃತ್ತಿಯ ಅರ್ಧ ಜಾಣ್ಮೆ ಎಲ್ಲಿ ಗೆರೆಯನ್ನು ತುಂಡರಿಸಬೇಕು ಎನ್ನುವುದರಲ್ಲೇ ಇದೆ.

ಅಮೆರಿಕದಲ್ಲಿ ಇದು 1842ರಿಂದ ಇದೆ. ಮೊದಲ ಡಿಸೈನ್ ಪೇಟೆಂಟ್ ಸಿಕ್ಕಿದ್ದು ಜಾರ್ಜ್ ಬ್ರೂಸ್ ಎಂಬ ನ್ಯೂಯಾರ್ಕಿನ ಅಚ್ಚುಮೊಳೆ ತಯಾರಕನಿಗೆ, ಅವನ ಮುದ್ರಣಾಕ್ಷರಗಳ ರೂಪಕ್ಕೆ. ಸ್ವಾತಂತ್ರ್ಯ ದೇವಿಯ ಪ್ರತಿಮೆಗೂ 1879ರಲ್ಲಿ ಶಿಲ್ಪಿ ಬಾರ್ತೋಲ್ಡಿ ಡಿಸೈನ್ ಪೇಟೆಂಟ್ ಪಡೆದಿದ್ದ. ಇವರಲ್ಲಿ ಒಬ್ಬ ಅಕ್ಷರ ಎರಕ ಹೊಯ್ಯುವವನು, ಇನ್ನೊಬ್ಬ ಶಿಲ್ಪಿ. ಹಕ್ಕು ಹುಟ್ಟಿದ್ದೇ ಕಲೆಗಾರರ ಅಂಗಳದಲ್ಲಿ.

ಇದು ಚಿಲ್ಲರೆ ವ್ಯವಹಾರವೂ ಅಲ್ಲ. ಆಪಲ್ ಮತ್ತು ಸ್ಯಾಮ್‌ಸಂಗ್ ನಡುವಿನ ಜಗಳ ನಿಮಗೆಲ್ಲ ಗೊತ್ತು. 2018ರಲ್ಲಿ ಜ್ಯೂರಿ ವಿಧಿಸಿದ ಪರಿಹಾರದಲ್ಲಿ ಸುಮಾರು 53 ಕೋಟಿ ಡಾಲರ್ ಡಿಸೈನ್ ಪೇಟೆಂಟುಗಳ ಲೆಕ್ಕಕ್ಕೆ ಬಂತು, ಯುಟಿಲಿಟಿ ಪೇಟೆಂಟುಗಳ ಲೆಕ್ಕಕ್ಕೆ ಬಂದದ್ದು ಸುಮಾರು 53 ಲಕ್ಷ. ದುಂಡು ಮೂಲೆಗಳು, ಐಕಾನುಗಳ ಸಾಲು ಒಳಗಿನ ಎಂಜಿನಿಯರಿಂಗಿಗಿಂತ ನೂರು ಪಟ್ಟು ತೂಗಿದವು. ಆಮೇಲೆ ಇಬ್ಬರೂ ರಾಜಿಯಾದರು, ಅದು ಬೇರೆ ಮಾತು.

ಇಷ್ಟು ಬೆಲೆಬಾಳುವ ಕೆಲಸವನ್ನು ಯಾರು ಮಾಡಬಹುದಿತ್ತು? ಅಮೆರಿಕದ ಪೇಟೆಂಟ್ ಕಚೇರಿಯ ಮುಂದೆ ಬೇರೆಯವರ ಪರವಾಗಿ ನಿಲ್ಲಬೇಕಾದರೆ ಮೂರು ಬಾಗಿಲು ದಾಟಬೇಕು: ವೈಜ್ಞಾನಿಕ ಅಥವಾ ತಾಂತ್ರಿಕ ವ್ಯಾಸಂಗ, ನೋಂದಣಿ ಪರೀಕ್ಷೆ, ನಡತೆಯ ಪರಿಶೀಲನೆ. ವಕೀಲರಾಗಿರಲೇಬೇಕು ಎಂದಿಲ್ಲ. ಫ್ಲಾರಿಡಾದಲ್ಲಿ ವಕೀಲನಲ್ಲದ ಸ್ಪೆರಿ ಎಂಬ ಏಜೆಂಟ್ ಪೇಟೆಂಟ್ ಕೆಲಸ ಮಾಡುತ್ತಿದ್ದುದಕ್ಕೆ ಅಲ್ಲಿನ ವಕೀಲರ ಸಂಘ ತಕರಾರು ತೆಗೆದಾಗ, 1963ರಲ್ಲಿ ಸುಪ್ರೀಂ ಕೋರ್ಟ್ ಸ್ಪೆರಿಯ ಪರವಾಗಿ ನಿಂತಿತು. ಕೇಂದ್ರದ ಕಾನೂನು ಕೊಟ್ಟ ಪರವಾನಗಿಯನ್ನು ರಾಜ್ಯ ಕಿತ್ತುಕೊಳ್ಳಲಾಗದು ಎಂಬುದು ತೀರ್ಪಿನ ತಿರುಳು. ಹಾಗಾಗಿ ವಕೀಲಿಕೆ ಓದಿದವರು ಅಟಾರ್ನಿ, ಓದದವರು ಏಜೆಂಟ್, ಕಚೇರಿಯ ಮುಂದೆ ಇಬ್ಬರ ಕೆಲಸವೂ ಒಂದೇ.

ಎಡವಟ್ಟು ಇದ್ದದ್ದು ಮೊದಲ ಬಾಗಿಲಿನಲ್ಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಹೀಗೆ ಪದವಿಗಳ ಪಟ್ಟಿ. ಯುಟಿಲಿಟಿ ಪೇಟೆಂಟಿಗೆ ಇದು ನ್ಯಾಯವೇ. ಅಣುವಿನ ರಚನೆ ತಿಳಿಯದವರು ಔಷಧದ ಅರ್ಜಿ ಬರೆದರೆ ಕಷ್ಟ. ಆದರೆ ಒಂದೇ ನೋಂದಣಿ ಎರಡೂ ಬಗೆಯ ಪೇಟೆಂಟಿಗೆ ಸಲ್ಲುತ್ತಿದ್ದುದರಿಂದ, ಸೋಫಾದ ಕೈಹಿಡಿಯ ಬಾಗನ್ನು ಕುರಿತು ಅರ್ಜಿ ಹಾಕುವವರಿಗೂ ರಸಾಯನಶಾಸ್ತ್ರ ಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಇನ್ನೂ ಚೆಂದದ ಸಂಗತಿ ಕೇಳಿ. ಅದೇ ಕಚೇರಿ ಡಿಸೈನ್ ಅರ್ಜಿಗಳನ್ನು ಪರಿಶೀಲಿಸುವ ತನ್ನ ಪರೀಕ್ಷಕರನ್ನು ನೇಮಿಸಿಕೊಳ್ಳುವಾಗ ಕೇಳುತ್ತಿದ್ದ ಪದವಿಗಳು ಯಾವುವು? ಕೈಗಾರಿಕಾ ವಿನ್ಯಾಸ, ಉತ್ಪನ್ನ ವಿನ್ಯಾಸ, ವಾಸ್ತುಶಿಲ್ಪ, ಅನ್ವಯಿಕ ಕಲೆ, ಗ್ರಾಫಿಕ್ ಡಿಸೈನ್, ಲಲಿತಕಲೆ, ಚಿತ್ರಕಲಾ ಶಿಕ್ಷಣ. ಅಂದರೆ ಮೇಜಿನ ಆ ಕಡೆ ಕುಳಿತು ತೀರ್ಮಾನಿಸುವವರು ಚಿತ್ರಕಲೆ ಓದಿದವರು, ಈ ಕಡೆ ನಿಂತು ವಾದಿಸುವವರು ಮಾತ್ರ ಎಂಜಿನಿಯರುಗಳೇ ಆಗಿರಬೇಕು! ಇಂಥ ಪರೀಕ್ಷಕಿಯೊಬ್ಬರು ಕೆಲಸ ಬಿಟ್ಟು ತಾವೇ ಅರ್ಜಿ ಹಾಕಿಕೊಡುತ್ತೇನೆ ಎಂದು ಈ ಕಡೆಗೆ ಬಂದರೆ, ಅವರ ಕಲಾ ಪದವಿಯ ಬಲದಿಂದ ಪರೀಕ್ಷೆಗೆ ಕೂರಲಾಗುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂಬ ಗಾದೆ ಕೇಳಿದ್ದೇವೆ. ಇಲ್ಲಿ ಗರ್ಭಗುಡಿಯಲ್ಲಿ ಕೂರಬಲ್ಲವರಿಗೆ ದೇವಸ್ಥಾನದ ಬಾಗಿಲು ಕಾಯುವ ಅರ್ಹತೆ ಇರಲಿಲ್ಲ.

ಇದನ್ನು ಕಾನೂನು ಪ್ರಾಧ್ಯಾಪಕರು ಬರೆದು ತೋರಿಸಿದರು. 2022ರ ಅಕ್ಟೋಬರಿನಲ್ಲಿ ಕಚೇರಿಯೇ ಸಾರ್ವಜನಿಕರ ಅಭಿಪ್ರಾಯ ಕೇಳಿತು. 2023ರ ಮೇ ತಿಂಗಳಲ್ಲಿ ಕರಡು ನಿಯಮ ಬಂತು, ನವೆಂಬರ್ 16ರಂದು ಅಂತಿಮ ನಿಯಮ. 2024ರ ಜನವರಿ 2ರಿಂದ ಜಾರಿ. ಈ ನಡುವೆ, 2023ರ ಸೆಪ್ಟೆಂಬರಿನಲ್ಲಿ, ಹತ್ತು ಲಕ್ಷನೆಯ ಡಿಸೈನ್ ಪೇಟೆಂಟ್ ಕೂಡ ಹೊರಬಿತ್ತು. ಅದು ಟೆಕ್ಸಸ್‌ನ ಒಬ್ಬ ಮಹಿಳೆಗೆ, ಒಂದು ಬಾಚಣಿಗೆಯ ವಿನ್ಯಾಸಕ್ಕೆ. ಪೇಟೆಂಟ್ ಲೋಕದಲ್ಲಿ ಹೆಂಗಸರು ಕಡಿಮೆ ಎಂಬ ಚಿಂತೆಯೂ ಈ ಬದಲಾವಣೆಯ ಹಿಂದಿತ್ತು. ಆ ಕಚೇರಿಯದೇ ಲೆಕ್ಕದಂತೆ 2019ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಸಂಶೋಧಕರಲ್ಲಿ ಮಹಿಳೆಯರು ಶೇ 12.8 ಮಾತ್ರ.

ಹೊಸ ನಿಯಮ ಹೇಳುವುದು ಸರಳ. ಪರೀಕ್ಷಕರಿಗೆ ಕೇಳುತ್ತಿದ್ದ ಅದೇ ಪದವಿಗಳಲ್ಲಿ ಒಂದು, ಅಥವಾ ಅದಕ್ಕೆ ಸಮಾನವಾದದ್ದು ಇದ್ದರೆ ನೀವು ಡಿಸೈನ್ ಪೇಟೆಂಟ್ ವೃತ್ತಿಗರಾಗಿ ನೋಂದಾಯಿಸಿಕೊಳ್ಳಬಹುದು. ಸ್ನಾತಕ, ಸ್ನಾತಕೋತ್ತರ, ಡಾಕ್ಟರೇಟ್ ಯಾವುದಾದರೂ ಸರಿ. ಕೆಲಸ ಡಿಸೈನ್ ಪೇಟೆಂಟಿಗೆ ಮಾತ್ರ ಸೀಮಿತ. ಸಹಿಯ ಪಕ್ಕದಲ್ಲಿ 'ಡಿಸೈನ್' ಎಂಬ ಪದವನ್ನು ಬರೆಯಲೇಬೇಕು, ಅರ್ಧ ಪರವಾನಗಿಯವರು ಪೂರ್ತಿ ಪರವಾನಗಿಯವರಂತೆ ಕಾಣಬಾರದಲ್ಲ. ಮೊದಲಿನಿಂದ ಇದ್ದ ಎಂಜಿನಿಯರ್ ಏಜೆಂಟರ ಹಕ್ಕಿಗೆ ಯಾವ ಚ್ಯುತಿಯೂ ಇಲ್ಲ, ಅವರು ಎರಡನ್ನೂ ಮಾಡಬಹುದು. ನವಿಲನ್ನು ಕೋಳಿಯಾಗಿ ಬರೆಯುವವರಿಗೆ ಯಾರೂ 'ಡಿಸೈನ್ ಹೊರತುಪಡಿಸಿ' ಎಂದು ಸಹಿ ಮಾಡಲು ಹೇಳಲಿಲ್ಲ ಎಂಬುದನ್ನು ಗಮನಿಸಿ.

ನನಗೆ ಸಮಾಧಾನವಾಗದ ಜಾಗ ಒಂದಿದೆ. ಬಾಗಿಲು ಬದಲಾಯಿತು, ಪರೀಕ್ಷೆ ಬದಲಾಗಲಿಲ್ಲ. ಎರಡು ಅವಧಿಗಳಲ್ಲಿ ಆರು ಗಂಟೆ, ನೂರು ಪ್ರಶ್ನೆ, ಅವುಗಳಲ್ಲಿ 90ಕ್ಕೆ ಅಂಕ, ಉತ್ತೀರ್ಣರಾಗಲು ಶೇ 70. ಪ್ರಶ್ನೆಗಳ ಭಾರವೆಲ್ಲ ಯುಟಿಲಿಟಿ ಪೇಟೆಂಟಿನ ಕಡೆಗೆ. ಅಂತರರಾಷ್ಟ್ರೀಯ ಅರ್ಜಿಗಳ ಗಡುವು, ಕ್ಲೇಮುಗಳ ಅವಲಂಬನೆ, ಇವನ್ನೆಲ್ಲ ಲಲಿತಕಲೆ ಓದಿದವರು ಬಾಯಿಪಾಠ ಮಾಡಿ, ಪಾಸಾಗಿ, ಆಮೇಲೆ ಜೀವಮಾನವಿಡೀ ಅದನ್ನು ಮುಟ್ಟದೆ ಇರಬೇಕು. ಎರಡು ಪರೀಕ್ಷೆ ನಡೆಸುವುದು ಕಚೇರಿಗೆ ತಲೆನೋವು ಎಂಬುದು ಅರ್ಥವಾಗುತ್ತದೆ. ಆದರೆ ತಗ್ಗಿನ ನೆರಳು ಎತ್ತ ಬೀಳಬೇಕು ಎಂದು ಆ ಪರೀಕ್ಷೆ ಇವತ್ತಿಗೂ ಯಾರನ್ನೂ ಕೇಳುವುದಿಲ್ಲ.

ಹಾಗಾದರೆ ಕಲೆ ಓದಿದವರ ಕಣ್ಣು ನಿಜಕ್ಕೂ ಕೆಲಸಕ್ಕೆ ಬರುತ್ತದೆಯೇ? ಎರಡು ಪ್ರಕರಣ ಹೇಳುತ್ತೇನೆ, ಎರಡೂ ನನಗೆ ಬಹಳ ಇಷ್ಟ.

ಸರ್ಜಿಸಿಲ್ ಎಂಬ ಕಂಪನಿ ತುಟಿಯೊಳಗೆ ಕೂರಿಸುವ ಇಂಪ್ಲಾಂಟ್‌ಗೆ ಡಿಸೈನ್ ಪೇಟೆಂಟ್ ಕೇಳಿತು. ಉದ್ದನೆಯ ಸಣ್ಣ ಕೊಳವೆಯಂಥ ಆಕಾರ, ಎರಡೂ ತುದಿ ಚೂಪು. ಪರೀಕ್ಷಕರು ಇದು ಹೊಸದಲ್ಲ ಎಂದು ತಿರಸ್ಕರಿಸಿದರು. ಎದುರಿಗಿಟ್ಟ ಹಳೆಯ ವಸ್ತು ಯಾವುದು ಗೊತ್ತೇ? ಚಿತ್ರಕಲಾ ಸಾಮಗ್ರಿಗಳ ಕ್ಯಾಟಲಾಗಿನಿಂದ ತೆಗೆದ ಒಂದು ಸ್ಟಂಪ್. ಇದ್ದಿಲು, ಪಾಸ್ಟೆಲ್ ತೀಡಲು ಕಾಗದವನ್ನು ಬಿಗಿಯಾಗಿ ಸುತ್ತಿ ಮಾಡಿದ ಕಡ್ಡಿ. ನಿಮ್ಮಲ್ಲಿ ಅರ್ಧ ಜನರ ಚೀಲದಲ್ಲಿ ಈಗಲೂ ಇರಬಹುದು. (ಇಲ್ಲಿ ಮೂರ್ನಾಲ್ಕು ಕೈಗಳು ಸ್ಟಂಪುಗಳನ್ನು ಎತ್ತಿ ತೋರಿಸಿದವು.) ನೋಡಿ! ಎಂಜಿನಿಯರ್ ಪರೀಕ್ಷಕನಾಗಿದ್ದರೆ ಅದು ಹೊಳೆಯುತ್ತಲೇ ಇರಲಿಲ್ಲ ಎಂದು ನನ್ನ ಗುಮಾನಿ. ಆದರೆ 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತಿರಸ್ಕಾರವನ್ನು ರದ್ದು ಮಾಡಿತು. ಹಕ್ಕು ಕೇಳಿದ್ದು ತುಟಿಯ ಇಂಪ್ಲಾಂಟ್‌ಗೆ, ಸ್ಟಂಪ್ ಬೇರೆಯೇ ವಸ್ತು, ಆಕಾರ ಒಂದೇ ಆದರೂ ವಸ್ತು ಬೇರೆಯಾದರೆ ವಿನ್ಯಾಸ ಹಳೆಯದಾಗುವುದಿಲ್ಲ ಎಂದಿತು. ಕಲೆಗಾರನ ಕಣ್ಣು ಹೋಲಿಕೆಯನ್ನು ಹಿಡಿಯಿತು, ಕಾನೂನಿನ ಓದು ಅದನ್ನು ಬಿಡಿಸಿತು.

ಎರಡನೆಯದು ಇದರ ಮಗ್ಗುಲು ಬದಲಿಸಿದ ಕಥೆ. ಕರ್ವರ್ ಎಂಬ ಕಂಪನಿಯ ಪೇಟೆಂಟಿನಲ್ಲಿ ಇದ್ದದ್ದು ಹೆಣೆದಂತೆ ಕಾಣುವ ಒಂದು ಮಾದರಿಯ ಚಿತ್ರ ಮಾತ್ರ. ಯಾವ ಚಿತ್ರದಲ್ಲೂ ಕುರ್ಚಿ ಇರಲಿಲ್ಲ. ಆದರೆ ಪರೀಕ್ಷಣೆಯ ಸಮಯದಲ್ಲಿ ಶೀರ್ಷಿಕೆಯನ್ನು 'ಕುರ್ಚಿಗಾಗಿ ಮಾದರಿ' ಎಂದು ತಿದ್ದಲು ಒಪ್ಪಿಕೊಂಡಿದ್ದರು. ಮುಂದೆ ಇನ್ನೊಬ್ಬರು ಅಂಥದೇ ಹೆಣಿಗೆಯ ಬುಟ್ಟಿ ಮಾರಿದಾಗ ಮೊಕದ್ದಮೆ ಹೂಡಿದರೆ, 2019ರಲ್ಲಿ ನ್ಯಾಯಾಲಯ ಹೇಳಿತು: ನಿಮ್ಮ ಹಕ್ಕು ಕುರ್ಚಿಗೆ, ಬುಟ್ಟಿಗಲ್ಲ. ಒಂದು ಪದ ಇಡೀ ಚಿತ್ರವನ್ನು ನುಂಗಿತು. ಚೆನ್ನಾಗಿ ಬರೆಯಲು ಬಂದರೆ ಸಾಕು ಎಂದು ನೀವು ಮನಸ್ಸಿನಲ್ಲಿ ಅಂದುಕೊಂಡಿದ್ದರೆ ಆ ಬುಟ್ಟಿಯನ್ನು ನೆನಪಿಡಿ.

ನಿಯಮಕ್ಕೆ ಬಂದ ವಿರೋಧವೂ ಇಂಥ ಕಡೆಯಿಂದಲೇ. ಡಿಸೈನ್ ಮಾತ್ರ ಬಲ್ಲವರ ಬಳಿ ಕಕ್ಷಿದಾರ ಒಂದು ಹೊಸ ಕೊಡೆಯನ್ನು ತರುತ್ತಾನೆ ಎನ್ನಿ. ರೂಪ ಹೊಸದು, ಮಡಿಸುವ ಯಂತ್ರವೂ ಹೊಸದು. ಇವರು ರೂಪಕ್ಕೆ ಮಾತ್ರ ಅರ್ಜಿ ಹಾಕುತ್ತಾರೆ. ಪೇಟೆಂಟ್ ಪ್ರಕಟವಾಗುತ್ತದೆ, ಕೊಡೆ ಅಂಗಡಿಗೆ ಬರುತ್ತದೆ, ಯಂತ್ರದ ಗುಟ್ಟು ಬಯಲಾಗುತ್ತದೆ, ಕಾಲ ಕಳೆದ ಮೇಲೆ ಯುಟಿಲಿಟಿ ಪೇಟೆಂಟ್ ಕೇಳಲು ಏನೂ ಉಳಿದಿರುವುದಿಲ್ಲ. ಇದು ಸುಳ್ಳು ಭಯವಲ್ಲ. ಆದರೆ ತನಗೆ ತಿಳಿಯದ ಕೆಲಸಕ್ಕೆ ಕೈಹಾಕಬಾರದು ಎಂಬ ವೃತ್ತಿನಿಯಮ ಎಲ್ಲರಿಗೂ ಇದೆ. ಕೊಡೆಯ ಯಂತ್ರ ತಿಳಿಯದ ಡಿಸೈನರ್ ಎಷ್ಟು ಅಪಾಯವೋ, ಕೊಡೆಯ ಅಂದ ಕಾಣದ ಎಂಜಿನಿಯರ್ ಕೂಡ ಅಷ್ಟೇ ಅಪಾಯ. ಎರಡನೆಯ ಅಪಾಯದ ಬಗ್ಗೆ ಅಷ್ಟು ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಡುವೆ ಒಂದು ತಮಾಷೆ ಹೇಳಿಬಿಡುತ್ತೇನೆ. ಯಾರಿಗೆ ಪದವಿ ಬೇಕು ಎಂದು ನಾವು ಇಷ್ಟೆಲ್ಲ ಜಗಳವಾಡುತ್ತೇವೆ. ಒಂದು ವಿನ್ಯಾಸ ಇನ್ನೊಂದರ ನಕಲೋ ಅಲ್ಲವೋ ಎಂದು ತೀರ್ಮಾನಿಸುವ ಅಳತೆಗೋಲು ಯಾರ ಕಣ್ಣು? ಗೋರಮ್ ಎಂಬ ಬೆಳ್ಳಿ ಸಾಮಾನಿನ ಕಂಪನಿ ಮತ್ತು ವೈಟ್ ಎಂಬಾತನ ನಡುವೆ ಚಮಚ, ಫೋರ್ಕುಗಳ ಹಿಡಿಕೆಯ ವಿನ್ಯಾಸದ ಬಗ್ಗೆ 1870ರ ದಶಕದ ಆರಂಭದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದ ವ್ಯಾಜ್ಯದಲ್ಲಿ ಇದು ನಿಶ್ಚಯವಾಯಿತು: ತಜ್ಞನ ಕಣ್ಣಲ್ಲ, ಅಂಗಡಿಯಲ್ಲಿ ಚಮಚ ಕೊಳ್ಳುವ ಸಾಮಾನ್ಯ ಗಿರಾಕಿಯ ಕಣ್ಣು. ಅದೇ ಇವತ್ತಿಗೂ ಅಲ್ಲಿನ ಅಳತೆಗೋಲು. ಆ ಗಿರಾಕಿಗೆ ಯಾವ ಪದವಿಯೂ ಬೇಡ.

ಇನ್ನು ನಮ್ಮ ಮನೆಗೆ ಬರೋಣ.

ಭಾರತದಲ್ಲಿ ಡಿಸೈನ್ ಪೇಟೆಂಟ್ ಎಂಬ ಹೆಸರೇ ಇಲ್ಲ. ಪತ್ರಿಕೆಗಳಲ್ಲಿ ಹಾಗೆ ಬರೆಯುತ್ತಾರೆ, ಅದು ತಪ್ಪು. ನಮ್ಮಲ್ಲಿ ಇರುವುದು ವಿನ್ಯಾಸದ ನೋಂದಣಿ, 2000ದ ಡಿಸೈನ್ಸ್ ಕಾಯ್ದೆಯ ಅಡಿಯಲ್ಲಿ. ಹತ್ತು ವರ್ಷ, ಬೇಕಿದ್ದರೆ ಇನ್ನೈದು. ಅರ್ಜಿಗಳ ವಿಲೇವಾರಿ ಕೋಲ್ಕತ್ತದಲ್ಲಿ. ವಿನ್ಯಾಸವನ್ನು 'ಕಣ್ಣಿನಿಂದ ಮಾತ್ರ' ಅಳೆಯಬೇಕು ಎಂದು ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತದೆ. ಯಾರ ಕಣ್ಣು ಎಂದು ಕೇಳಿದರೆ 43ನೇ ಸೆಕ್ಷನ್ ನೋಡಬೇಕು. ಅರ್ಜಿದಾರರ ಪರವಾಗಿ ಇಬ್ಬರು ಬರಬಹುದು: ವಕೀಲರು, ಇಲ್ಲವೇ ಪೇಟೆಂಟ್ ಏಜೆಂಟರ ನೋಂದಣಿ ಪುಸ್ತಕದಲ್ಲಿ ಹೆಸರಿರುವವರು. ಪೇಟೆಂಟ್ ಏಜೆಂಟ್ ಯಾರು ಎಂದರೆ 1970ರ ಪೇಟೆಂಟ್ ಕಾಯ್ದೆಯ 126ನೇ ಸೆಕ್ಷನ್: ಭಾರತದ ಪ್ರಜೆ, 21 ವರ್ಷ ತುಂಬಿರಬೇಕು, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಬೇಕು, ಪರೀಕ್ಷೆ ಪಾಸಾಗಿರಬೇಕು. ಪೇಟೆಂಟ್ ಕಚೇರಿಯಲ್ಲೇ ಪರೀಕ್ಷಕರಾಗಿ ಅಥವಾ ಕಂಟ್ರೋಲರ್ ಆಗಿ ಹತ್ತು ವರ್ಷ ದುಡಿದವರಿಗೆ ಪರೀಕ್ಷೆಯಿಂದ ವಿನಾಯಿತಿ ಇದೆ.

ಪರೀಕ್ಷೆಯ ವಿಷಯ ಏನು? ಒಂದು ಪತ್ರಿಕೆ ಪೇಟೆಂಟ್ ಕಾಯ್ದೆ ಮತ್ತು ನಿಯಮಗಳು, ಇನ್ನೊಂದು ಪೇಟೆಂಟ್ ವಿವರಣಾಪತ್ರಗಳನ್ನು ಬರೆಯುವುದು ಮತ್ತು ಅರ್ಥೈಸುವುದು, ಆಮೇಲೆ ಸಂದರ್ಶನ. ಡಿಸೈನ್ಸ್ ಕಾಯ್ದೆಗೆ ಒಂದು ಪತ್ರಿಕೆಯೇ ಇಲ್ಲ. ಆ ಕಾಯ್ದೆಯ ಒಂದು ಪುಟವನ್ನೂ ತೆರೆಯದೆ ನಾನು ಪಾಸಾದೆ, ಪಾಸಾದ ಮರುದಿನದಿಂದ ಚನ್ನಪಟ್ಟಣದ ಬುಗುರಿಯ ಹೊಸ ರೂಪಕ್ಕೂ ಅರ್ಜಿ ಹಾಕುವ ಅಧಿಕಾರ ಪಡೆದೆ. ಇನ್ನೊಂದು ಕಡೆ ವಕೀಲರಿಗೆ ಯಾವ ತಾಂತ್ರಿಕ ಪದವಿಯೂ ಬೇಡ, ವಿನ್ಯಾಸದ ಪದವಿಯೂ ಬೇಡ. ಜಮೀನಿನ ವ್ಯಾಜ್ಯ ನೋಡುವವರು ಮಧ್ಯಾಹ್ನ ಊಟ ಮುಗಿಸಿ ಬಂದು ಸೀಲಿಂಗ್ ಫ್ಯಾನಿನ ರೆಕ್ಕೆಯ ಅರ್ಜಿಗೆ ಸಹಿ ಹಾಕಬಹುದು. ಇಲ್ಲಿ ಬಾಗಿಲು ತೆರೆಯದಿರುವುದು ಒಬ್ಬರಿಗೆ ಮಾತ್ರ: ವಿನ್ಯಾಸವನ್ನೇ ಓದಿದವರಿಗೆ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ದೃಶ್ಯಕಲೆಯ ಪದವಿ ಪಡೆದವರು ವಿಜ್ಞಾನ, ಎಂಜಿನಿಯರಿಂಗ್, ತಂತ್ರಜ್ಞಾನ ಈ ಮೂರರಲ್ಲಿ ಯಾವ ಪಂಕ್ತಿಯಲ್ಲೂ ಕೂರುವುದಿಲ್ಲ. ಟ್ರೇಡ್‌ಮಾರ್ಕ್ ಏಜೆಂಟ್ ಆಗಲು ಯಾವುದೇ ವಿಷಯದ ಪದವಿ ಸಾಕು ಎನ್ನುವ ದೇಶವೇ ಹೀಗೆ ಮಾಡುತ್ತಿದೆ.

ಅಮೆರಿಕದ ಹಳೆಯ ಎಡವಟ್ಟಿಗಿಂತ ನಮ್ಮದು ಬೇರೆ ಬಗೆಯದು. ಅಲ್ಲಿ ಬಾಗಿಲು ಕಿರಿದಾಗಿತ್ತು. ನಮ್ಮಲ್ಲಿ ಬಾಗಿಲು ಅಗಲವಾಗಿಯೇ ಇದೆ, ಬೇರೆ ಮನೆಯ ಕಡೆಗೆ ಮುಖ ಮಾಡಿದೆ. 43ನೇ ಸೆಕ್ಷನ್ನಿಗೆ ಡಿಸೈನ್ ಏಜೆಂಟ್ ಎಂಬ ಮೂರನೆಯ ವರ್ಗವೊಂದನ್ನು ಸೇರಿಸಿ, ಡಿಸೈನ್ಸ್ ಕಾಯ್ದೆ ಒಂದು ಪತ್ರಿಕೆ, ಚಿತ್ರ ಓದುವುದು ಒಂದು ಪತ್ರಿಕೆ ಎಂದು ಪರೀಕ್ಷೆ ಮಾಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಎರಡನೆಯ ಪತ್ರಿಕೆಯನ್ನು ನಮ್ಮಂಥ ಹಳಬರಿಗೂ ಕಡ್ಡಾಯ ಮಾಡಲಿ. ನಾನು ಮೊದಲ ಸಲ ನಪಾಸಾಗುವುದು ಖಚಿತ.

ಪ್ರಶ್ನೆಗಳಿಗೆ ಬರೋಣ.

ಒಬ್ಬ ವಿದ್ಯಾರ್ಥಿ ಕೇಳಿದರು: ಇಲ್ಲಿ ಕಲಾ ಪದವಿ ಮುಗಿಸಿ, ಇಲ್ಲಿಂದಲೇ ಅಮೆರಿಕದ ಡಿಸೈನ್ ಪರೀಕ್ಷೆ ಬರೆಯಬಹುದೇ?

ಅಮೆರಿಕದ ಪ್ರಜೆಯಲ್ಲದವರು ಬೆಂಗಳೂರಿನಲ್ಲಿ ಇದ್ದುಕೊಂಡು ನೋಂದಾಯಿಸಿಕೊಳ್ಳಲಾಗದು. ಹೊರದೇಶದಲ್ಲಿರುವವರಿಗೆ ಇರುವ ವಿನಾಯಿತಿ ಕೆನಡಾದ ಏಜೆಂಟರಿಗೆ ಮಾತ್ರ, ಅದೂ ಕೊಡುಕೊಳ್ಳುವ ಒಪ್ಪಂದದ ಮೇಲೆ. ಆದರೆ ಅಲ್ಲಿ ವಾಸವಾಗಿದ್ದು, ಈ ಕೆಲಸ ಮಾಡಲು ಅನುಮತಿಸುವ ವೀಸಾ ಇದ್ದರೆ, ಪರೀಕ್ಷೆ ಪಾಸಾದವರಿಗೆ ಸೀಮಿತ ಮಾನ್ಯತೆ ಎಂಬುದೊಂದನ್ನು ಕೊಡುತ್ತಾರೆ. ಗ್ರೀನ್ ಕಾರ್ಡ್ ಇದ್ದರೆ ಪೂರ್ತಿ ನೋಂದಣಿ. ಇಲ್ಲಿನ ಪದವಿ ಅಲ್ಲಿನ ಪಟ್ಟಿಗೆ ಸಮಾನ ಎಂದು ದಾಖಲೆ ಸಮೇತ ತೋರಿಸಬೇಕಾಗುತ್ತದೆ. ಗಂಡನ ಕೆಲಸಕ್ಕೆಂದು ಅಲ್ಲಿಗೆ ಹೋಗಿ, ತಮ್ಮ ಚಿತ್ರಕಲೆಯ ಪದವಿ ಯಾವುದಕ್ಕೂ ಬಾರದು ಎಂದು ಪೆಟ್ಟಿಗೆಯಲ್ಲಿಟ್ಟ ಕನ್ನಡದ ಹೆಣ್ಣುಮಕ್ಕಳು ನನಗೇ ಕೆಲವರು ಗೊತ್ತು. ಕೆಲಸದ ಪರವಾನಗಿ ಸಿಕ್ಕ ದಿನ ಆ ಪೆಟ್ಟಿಗೆ ತೆರೆಯಿರಿ ಎಂದು ಅವರಿಗೆ ಹೇಳುತ್ತಿರುತ್ತೇನೆ.

ಕಾನೂನು ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: ಭಾರತದಲ್ಲಿ ಕಲೆ ಓದಿದವರಿಗೆ ದಾರಿಯೇ ಇಲ್ಲವೇ?

ಸುತ್ತುಬಳಸಿನ ದಾರಿ ಇದೆ. ಯಾವುದೇ ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್‌.ಬಿ. ಮಾಡಿ, ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿ, ಬಾರ್ ಪರೀಕ್ಷೆ ಮುಗಿಸಿದರೆ ವಿನ್ಯಾಸದ ಕೆಲಸವನ್ನು ರಾಜಮಾರ್ಗದಲ್ಲೇ ಮಾಡಬಹುದು. ಕಲೆ ಮತ್ತು ಕಾನೂನು ಎರಡನ್ನೂ ಓದಿದವರು ಇಲ್ಲಿ ಬೆರಳೆಣಿಕೆಯಷ್ಟು ಎಂದು ನನ್ನ ಅನುಭವ. ಕೆಲಸ ಮಾತ್ರ ಬೇಕಾದಷ್ಟಿದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗಿಯದು. ಅವಳು ಒಂದು ದೀಪದ ಕಂಬವನ್ನು ರೂಪಿಸಿದ್ದಾಳಂತೆ, ಏಜೆಂಟರಿಗೆ ಕೊಡಲು ಹಣವಿಲ್ಲವಂತೆ. "ಮೇಡಂ, ನನ್ನ ವಿನ್ಯಾಸಕ್ಕೆ ನಾನೇ ಅರ್ಜಿ ಹಾಕಲು ಯಾವ ಪದವಿ ಬೇಕು?"

ಯಾವುದೂ ಬೇಡ. ಈ ಅರ್ಹತೆಯ ರಗಳೆಯೆಲ್ಲ ಬೇರೆಯವರ ಪರವಾಗಿ ನಿಲ್ಲುವವರಿಗೆ. ನಿಮ್ಮ ವಿನ್ಯಾಸಕ್ಕೆ ನೀವೇ ಅರ್ಜಿ ಹಾಕಬಹುದು, ಆನ್‌ಲೈನ್‌ನಲ್ಲೇ ಆಗುತ್ತದೆ, ವ್ಯಕ್ತಿಗೆ ಅರ್ಜಿಯ ಶುಲ್ಕ 1,000 ರೂಪಾಯಿ. ಎಲ್ಲ ಕಡೆಯಿಂದಲೂ ನೋಟಗಳನ್ನು ಕೊಡಿ, ಹೊಸತನ ಎಲ್ಲಿದೆ ಎಂದು ಒಂದು ವಾಕ್ಯದಲ್ಲಿ ಹೇಳಿ. ಒಂದು ಮಾತು ಕೇಳುತ್ತೇನೆ. ಆ ಕಂಬದ ಫೋಟೊವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದೀರಾ?

"ಹೋದ ವಾರ ಹಾಕಿದೆ."

ಅಮೆರಿಕದಲ್ಲಾಗಿದ್ದರೆ ಒಂದು ವರ್ಷದ ಕಾಲಾವಕಾಶ ಇರುತ್ತಿತ್ತು. ಇಲ್ಲಿ ಅರ್ಜಿಗೆ ಮುಂಚೆ ಪ್ರಕಟವಾದದ್ದು ಹೊಸದಲ್ಲ. ಚಹಾದ ವಿರಾಮದಲ್ಲಿ ಆ ಚಿತ್ರಗಳನ್ನು ತನ್ನಿ. ಫೋಟೊದಲ್ಲಿ ಕಂಡದ್ದು ಯಾವುದು, ಕಾಣದೆ ಉಳಿದದ್ದು ಯಾವುದು ಎಂದು ಇಬ್ಬರೂ ಕೂತು ನೋಡೋಣ.